ಸುಟ್ಟ ಗಾಯ ಆಳಕ್ಕೆ ಇಳಿಯುವುದನ್ನು ಗುಳಗಿ ತಡೆಯುತ್ತದೆಯೇ?

ಮುಧೋಳ, ಮಹಾಲಿಂಗಪುರದ ಕಡೆ ಬೆಲ್ಲದ ಗಾಣದಲ್ಲಿ ಕುದಿಯುವ ಪಾಕ ಸಿಡಿದು ಕೈ ಸುಟ್ಟುಕೊಂಡವರ ಮನೆಯವರು ಕೇಳುವುದು ಒಂದೇ: "ಉರಿಯೂತ ಇಳಿಸೋ ಗುಳಗಿ ಕೊಟ್ರ ಗಾಯ ಒಳಗ ಇಳಿಯೂದು ನಿಲ್ತದೇನ್ರಿ?" ನಿಲ್ಲುವುದಿಲ್ಲ. ನೋವು ಕಡಿಮೆಯಾಗುತ್ತದೆ, ಅದೂ ಬೇಕಾದದ್ದೇ.

ಗಾಯ ಇಳಿಯುತ್ತದೆ ಎಂಬ ಭಯ ಮಾತ್ರ ಸುಳ್ಳಲ್ಲ. ಸುಟ್ಟ ಚರ್ಮದಲ್ಲಿ ಮೂರು ವಲಯಗಳಿರುತ್ತವೆ ಎಂದು ಶಸ್ತ್ರವೈದ್ಯ ಜಾಕ್ಸನ್ 1953ರಲ್ಲಿ ವಿವರಿಸಿದರು. ನಟ್ಟನಡುವಿನದು ಸತ್ತಿರುತ್ತದೆ, ಅಂಚಿನದು ಕೆಂಪಾಗಿದ್ದು ತಾನೇ ಮಾಯುತ್ತದೆ. ಇವೆರಡರ ನಡುವೆ ಜೀವ ಹಿಡಿದುಕೊಂಡ ಪದರವಿದೆ. ಮೊದಲ 48 ತಾಸುಗಳಲ್ಲಿ ಅಲ್ಲಿ ಥ್ರಾಂಬಾಕ್ಸೇನ್ ಎಂಬ ಮೈಯದೇ ರಾಸಾಯನಿಕ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಗಂಟು ಕಟ್ಟುತ್ತವೆ. ಹಿಸ್ಟಮಿನ್, ಬ್ರಾಡಿಕೈನಿನ್ ಎಂಬ ಇನ್ನೆರಡು ರಾಸಾಯನಿಕಗಳಿಂದ ನಾಳದ ಗೋಡೆ ಸೋರಿ ಬಾವು ಬರುತ್ತದೆ. ರಕ್ತಹರಿವು ನಿಂತರೆ ಆ ಪದರವೂ ಸಾಯುತ್ತದೆ.

ಐಬುಪ್ರೊಫೆನ್, ಇಂಡೊಮೆಥಾಸಿನ್‌ನಂಥ ಉರಿಯೂತದ ಗುಳಗಿಗಳು ಥ್ರಾಂಬಾಕ್ಸೇನ್ ತಯಾರಾಗುವುದನ್ನೇ ತಡೆಯುತ್ತವೆ; ಪ್ರಾಣಿಗಳಲ್ಲಿ ರಕ್ತಹರಿವು ಸುಧಾರಿಸಿದ್ದೂ ಉಂಟು. ಆದರೆ ನಾಳ ಹಿಗ್ಗಿಸುವ ಪ್ರೊಸ್ಟಾಸೈಕ್ಲಿನ್ ಕೂಡ ಜೊತೆಗೇ ತಗ್ಗುತ್ತದೆ, ಮನುಷ್ಯರಲ್ಲಿ ಲಾಭ ಸಾಬೀತಾಗಿಲ್ಲ. ಗಾಯ ದೊಡ್ಡದಿದ್ದು ಮೈಯ ನೀರು ಸೋರಿಹೋಗಿದ್ದರೆ ಇವು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಆದ್ದರಿಂದ ನೋವಿಗೆ ಮೊದಲು ಪ್ಯಾರಾಸಿಟಮಾಲ್: ಮಕ್ಕಳಿಗೆ ಕೆ.ಜಿ.ಗೆ 15 ಮಿ.ಗ್ರಾಂ, ಆರು ತಾಸಿಗೊಮ್ಮೆ. ಸ್ಟೀರಾಯ್ಡ್ ಮುಲಾಮು ಹಚ್ಚಲೇಬೇಡಿ, ಸೋಂಕಿಗೆ ದಾರಿಯಾಗುತ್ತದೆ.

ಆ ಪದರವನ್ನು ನಿಜಕ್ಕೂ ಕಾಯುವುದು ನೀರು. ನಳದ ಕೆಳಗೆ ಪೂರ್ತಿ 20 ನಿಮಿಷ ಹಿಡಿಯಿರಿ. ಸುಟ್ಟು ಮೂರು ತಾಸಿನೊಳಗಾದರೂ ಉಪಯೋಗವಿದೆ. ಅಂಟಿದ ಪಾಕವನ್ನು ಕೀಳಬೇಡಿ, ನೀರಲ್ಲೇ ಕರಗುತ್ತದೆ. ಬಳೆ, ಉಂಗುರ ಕೂಡಲೇ ತೆಗೆಯಿರಿ, ಬಾವು ಬಂದ ಮೇಲೆ ಅವೇ ರಕ್ತ ತಡೆಯುತ್ತವೆ. ಬರ್ಫ ಬೇಡ, ಮೊದಲೇ ಬಿಗಿದ ನಾಳ ಇನ್ನಷ್ಟು ಬಿಗಿಯುತ್ತದೆ.

ಸುಟ್ಟ ಜಾಗ ಅಳೆಯಲು: ರೋಗಿಯ ಅಂಗೈ, ಬೆರಳು ಸೇರಿ, ಮೈಯ ಶೇ. 1. ದೊಡ್ಡವರಿಗೆ ಶೇ. 20, ಮಕ್ಕಳಿಗೆ ಶೇ. 10 ದಾಟಿದರೆ ಸಲಾಯಿನ್ ಬೇಕೇಬೇಕು. ಸಲಾಯಿನ್ ಎಷ್ಟೆಂದು ಹೇಳುವ ಪಾರ್ಕ್‌ಲ್ಯಾಂಡ್ ಲೆಕ್ಕದಲ್ಲಿ (4 ಮಿ.ಲೀ. × ತೂಕ × ಸುಟ್ಟ ಶೇಕಡಾ) 60 ಕೆ.ಜಿ.ಯವರು ಶೇ. 20 ಸುಟ್ಟಿದ್ದರೆ 4×60×20, ಅಂದರೆ 4800 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಎಂಬ ಸಲಾಯಿನ್, ಅರ್ಧ ಮೊದಲ 8 ತಾಸಿನಲ್ಲಿ, ಉಳಿದದ್ದು ಮುಂದಿನ 16 ತಾಸಿನಲ್ಲಿ. ಎಡವುವುದು ಇಲ್ಲೇ: ಆ 8 ತಾಸು ಸುಟ್ಟ ಗಳಿಗೆಯಿಂದ, ಆಸ್ಪತ್ರೆ ಸೇರಿದ ಗಳಿಗೆಯಿಂದಲ್ಲ. ಬೆಳಗಾವಿ ಮುಟ್ಟಲು ಮೂರು ತಾಸು ಹೋದರೆ 2400 ಮಿ.ಲೀ. ಐದೇ ತಾಸಿನಲ್ಲಿ ಹೋಗಬೇಕು. ಇದು ಬರೀ ಆರಂಭದ ಅಂದಾಜು. ಇವರಿಗೆ ಮೂತ್ರ ತಾಸಿಗೆ 30 ಮಿ.ಲೀ. ಆದರೂ ಬಾರದಿದ್ದರೆ ಸಲಾಯಿನ್ ವೇಗ ಹೆಚ್ಚಿಸುತ್ತಾರೆ. 50 ಮೀರಿದರೆ ತಗ್ಗಿಸುತ್ತಾರೆ, ಯಾಕೆಂದರೆ ಹೆಚ್ಚಾದ ನೀರೂ ಬಾವಾಗಿ ಆ ಪದರವನ್ನೇ ಒತ್ತುತ್ತದೆ.