ಅಕ್ಟೋಬರಿನ ಹಿಮ

ಕೊಲೊರಾಡೊದ ಬೆಟ್ಟಗಳಲ್ಲಿ ಫೆಬ್ರವರಿಯಲ್ಲಿ ಏನಾಗುತ್ತದೆ ಅನ್ನುವುದು ಅಕ್ಟೋಬರಿನಲ್ಲಿ ಬಿದ್ದ ಹಿಮದ ಮೇಲಿರುತ್ತದೆ. ಹಿಮಕುಸಿತದ ತರಬೇತಿಯಲ್ಲಿ ಇದನ್ನು ಕೇಳಿದ್ದೆ. ಕಣ್ಣಾರೆ ಕಂಡಿದ್ದು ಬರ್ಥಡ್ ಪಾಸ್‌ನಲ್ಲಿ.

ಡೆನ್ವರ್‌ನ ಪಶ್ಚಿಮಕ್ಕಿರುವ ಈ ಜಾಗದ ಎತ್ತರ 11,307 ಅಡಿ. ಇಲ್ಲಿದ್ದ ಸ್ಕೀ ರೆಸಾರ್ಟ್ 2001ರಲ್ಲಿ ಮುಚ್ಚಿತು. ಈಗ ಲಿಫ್ಟ್ ಇಲ್ಲ, ಕಾಯುವವರೂ ಇಲ್ಲ. ಹತ್ತುವುದು, ಇಳಿಯುವುದು ಎಲ್ಲ ನಮ್ಮದೇ ಹೊಣೆ. ಅವತ್ತು ಕೊಲೊರಾಡೊದ ಹಿಮಕುಸಿತ ಮಾಹಿತಿ ಕೇಂದ್ರ ಕೊಟ್ಟಿದ್ದ ಅಪಾಯದ ಮಟ್ಟ 5ರಲ್ಲಿ 3. ಕೇಳಲು ಅಷ್ಟೇನಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಜಾಸ್ತಿ ಜನ ಸಾಯುವುದು ಈ 3ರ ದಿನಗಳಲ್ಲೇ. 4, 5 ಅಂದರೆ ಹೆಚ್ಚಿನವರು ಮನೆಬಿಟ್ಟು ಹೊರಡುವುದಿಲ್ಲ.

ಹಿಮದಲ್ಲಿ ಹೂತುಹೋದರೆ ಹುಡುಕಲು ನೆರವಾಗುವ, ಸಂಕೇತ ಕಳಿಸುವ ಬೀಕನ್‌ಗಳನ್ನು ಪರೀಕ್ಷಿಸಿ ನಾನೂ ಗೆಳತಿಯೂ ಸ್ಕೀ ಮಾಡಲು ಹೊರಟೆವು. ಹಿಮದಡಿ ಸಿಕ್ಕವರನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಆಸೆ ಇರುತ್ತದೆ. ಆಮೇಲೆ ಅದು ಬೇಗ ಕುಸಿಯುತ್ತದೆ. ಇದನ್ನು ಕಲಿಯುವಾಗಲೆಲ್ಲ ನನಗೆ ನೆನಪಾಗುವುದು ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಜೀವ ಹಿಡಿದಿದ್ದವರು. ಹೊರತೆಗೆದ ಮೇಲೆ, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಜೊತೆಗಿದ್ದ ಒಂಬತ್ತು ಯೋಧರೂ ಉಳಿಯಲಿಲ್ಲ. ಅವರೆಲ್ಲ ಅಲ್ಲಿದ್ದದ್ದು ಕರ್ತವ್ಯಕ್ಕೆ. ನಾವು ಹೋಗುವುದು ಖುಷಿಗೆ. ಬೇಡ ಅನ್ನಿಸಿದರೆ ವಾಪಸ್ ಬರುವ ಅವಕಾಶ ನಮಗಿದೆ. ಅದನ್ನು ಬಿಟ್ಟುಕೊಡಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮರಗಳು ಮುಗಿಯುವ ಕಡೆ, ಉತ್ತರಕ್ಕೆ ಮುಖ ಮಾಡಿದ ಸಣ್ಣ ಇಳಿಜಾರಿನಲ್ಲಿ ಹಿಮದ ಪದರಗಳನ್ನು ನೋಡಲು ನೆಲ ಕಾಣುವವರೆಗೂ ಗುಂಡಿ ತೋಡಿದೆವು. ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಪದರ. ತಳದಲ್ಲಿ ದಪ್ಪ ಸಕ್ಕರೆಯಂಥ ಹರಳುಗಳು. ಮುಷ್ಟಿ ಬಿಗಿದರೂ ಉಂಡೆ ಕಟ್ಟಲಿಲ್ಲ, ಬೆರಳ ಸಂದಿಯಿಂದ ಸುರಿದುಹೋಯಿತು. ಚಳಿಗಾಲದ ಶುರುವಿನಲ್ಲಿ ಹಿಮ ತೆಳ್ಳಗಿರುತ್ತದೆ. ಕೆಳಗೆ ನೆಲ ಸೊನ್ನೆ ಡಿಗ್ರಿಯ ಹತ್ತಿರ, ಮೇಲೆ ಕೊರೆಯುವ ಚಳಿ. ಇವೆರಡರ ನಡುವೆ ಆವಿ ಮೇಲಕ್ಕೆ ಸಾಗುತ್ತ ಕಣಗಳ ಹಿಡಿತ ಬಿಡಿಸಿ ಅವನ್ನು ದೊಡ್ಡ ಹರಳುಗಳಾಗಿ ಮಾಡುತ್ತದೆ. ಆಮೇಲೆ ಬೀಳುವ ಹಿಮವೆಲ್ಲ ಕೂರುವುದು ಇದರ ಮೇಲೆಯೇ.

ಪದರಗಳು ಎಷ್ಟು ಸುಲಭವಾಗಿ ಜಾರುತ್ತವೆ ಅಂತ ನೋಡಲು ಹಿಮದಲ್ಲಿ 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ದಪ್ಪದ ಕಂಬ ಕತ್ತರಿಸಿ, ಒಂದು ತುದಿಯಲ್ಲಿ ಸಲಿಕೆ ಇಟ್ಟು ತಟ್ಟಬೇಕು. ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು. ಗೆಳತಿ ತಟ್ಟುತ್ತಿದ್ದಳು. ಮೊಣಕೈ ಏಟು ಶುರುವಾಗಿದ್ದಷ್ಟೇ, ತಳದಲ್ಲಿ ಬಿರುಕು ಸರ್ರನೆ ಆ ತುದಿಯವರೆಗೆ ಓಡಿತು. ಇಡೀ ಕಂಬ ಜಾರಿ ನನ್ನ ಕಾಲ ಮೇಲೆ ಬಿತ್ತು.

"ಬೌಲ್ ಕಡೆ ಹೋಗೋದು ಬೇಡ ಕಣೆ" ಅಂದಳು.

ನಾವು ಇಳಿಯಲು ಆಸೆಪಟ್ಟಿದ್ದ ಆ ಬೌಲ್, ಅಂದರೆ ಬಟ್ಟಲಿನಂಥ ಇಳಿಜಾರು, 35 ಡಿಗ್ರಿಗಿಂತ ಕಡಿದು. ಇಂಥ ಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಅಲ್ಲಿ ಆಗಲೇ ಯಾರೋ ಇಳಿದ ಸ್ಕೀ ಗೆರೆಗಳಿದ್ದವು. ಅದನ್ನು ನೋಡಿ ಧೈರ್ಯ ತಂದುಕೊಳ್ಳುವ ಹಾಗಿಲ್ಲ. ಮೇಲಿನ ಪದರ ತೆಳ್ಳಗಿರುವ ಒಂದು ಜಾಗದ ಮೇಲೆ ಮೊದಲ ನಾಲ್ವರ ಭಾರ ಬೀಳದೆ, ಐದನೆಯವರದ್ದು ಬೀಳಬಹುದು.

ಮರಗಳ ನಡುವಿನ 25 ಡಿಗ್ರಿಯ ಇಳಿಜಾರು ಆರಿಸಿಕೊಂಡೆವು. ಅದರ ಮೇಲ್ಗಡೆ ಕಡಿದಾದ ಜಾಗ ಇಲ್ಲ ಅನ್ನುವುದನ್ನು ನಕ್ಷೆಯಲ್ಲಿ ಮತ್ತೊಮ್ಮೆ ನೋಡಿದೆವು. ಹಿಮ ಚೆನ್ನಾಗಿತ್ತು. ಕಾರಿನಲ್ಲಿ ಕೂತು ಗುಂಡಿಯ ವಿವರ, ಬಿರುಕು ಓಡಿದ ಪದರದ ಚಿತ್ರ ಎಲ್ಲವನ್ನೂ ಮಾಹಿತಿ ಕೇಂದ್ರಕ್ಕೆ ಕಳಿಸಿದೆವು. ಮರುದಿನದ ಮುನ್ಸೂಚನೆ ಬರೆಯುವವರಿಗೆ ಅದು ಬೇಕಾಗುತ್ತದೆ.