ಸಾಲು ಮುರಿಯದ ಗ್ರಂಥಾಲಯ

ಗ್ರಂಥಾಲಯದ ನಕ್ಷೆ ಹಾಕುವವರಿಗೆ ನಿಜವಾದ ತಲೆನೋವು ಇವತ್ತಿನ ಪುಸ್ತಕಗಳಲ್ಲ, ಮುಂದೆ ಬರುವವು. ಪುಸ್ತಕಗಳಿಗೆ ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿ ಅವನ್ನು 000ದಿಂದ 999ರವರೆಗೆ ನೀಟಾಗಿ ಹಂಚಿದೆ, ಪುಸ್ತಕಗಳು ಮಾತ್ರ ಹಾಗೆ ಬರುವುದಿಲ್ಲ. 600ರ ತಂತ್ರಜ್ಞಾನ ಉಬ್ಬಿ ಮಹಡಿ ತುಂಬಿತೆಂದರೆ ಮಿಕ್ಕಿದ್ದು ನೆಲಮಾಳಿಗೆಗೆ. ಅಲ್ಲಿಗೆ ಸಾಲು ಮುರಿಯಿತು.

ಅಮೆರಿಕದ ಸಿಯಾಟಲ್ ನಗರದ ನಡುಮಧ್ಯೆ 2004ರ ಮೇ ತಿಂಗಳಲ್ಲಿ ತೆರೆದ ಸೆಂಟ್ರಲ್ ಲೈಬ್ರರಿಯಲ್ಲಿ ವಾಸ್ತುಶಿಲ್ಪಿಗಳಾದ ರೆಮ್ ಕೂಲ್‌ಹಾಸ್ ಮತ್ತು ಜೋಶುವಾ ಪ್ರಿನ್ಸ್-ರೇಮಸ್ ತಂಡ ಇದಕ್ಕೊಂದು ದಾರಿ ಹುಡುಕಿತು. 11 ಮಹಡಿಗಳಲ್ಲಿ 6ರಿಂದ 9ರವರೆಗಿನದು ಒಂದೇ ನೆಲ, ಸುತ್ತುತ್ತಾ ಏರುತ್ತದೆ. ಅದರುದ್ದಕ್ಕೂ 000ದಿಂದ 999ರವರೆಗೆ ಪುಸ್ತಕಗಳ ಸಾಲು ಎಲ್ಲೂ ಮುರಿಯುವುದಿಲ್ಲ. ಇಳಿಜಾರು 2 ಡಿಗ್ರಿ, ಅಂದರೆ ಮೀಟರಿಗೆ ಮೂರೂವರೆ ಸೆಂಟಿಮೀಟರ್, ಸುಮಾರು 1:28. ಅಮೆರಿಕದ ನಿಯಮದಲ್ಲಿ 1:20ಕ್ಕಿಂತ ಕಡಿದಾಗಿದ್ದರಷ್ಟೇ ಅದು ರ‍್ಯಾಂಪ್. ಇದು ಅಷ್ಟು ಕಡಿದಲ್ಲ, ಹಾಗಾಗಿ ಇಲ್ಲಿ ಗಾಲಿಕುರ್ಚಿಯವರೂ ಕಪಾಟಿನ ಪಕ್ಕವೇ ಸಾಗಬಹುದು. ವಿಷಯದ ಸಂಖ್ಯೆಗಳಿರುವುದು ನೆಲದ ರಬ್ಬರ್ ಚಾಪೆಗಳ ಮೇಲೆ. 600 ಬೆಳೆದು ಮುಂದೆ ಸರಿದರೆ ಚಾಪೆ ಎತ್ತಿ ಆಚೆ ಹಾಕಿದರಾಯಿತು, ಗೋಡೆ ಒಡೆಯಬೇಕಿಲ್ಲ. ತೆರೆದಾಗ 7.8 ಲಕ್ಷ ಪುಸ್ತಕ. ಹೊಸ ಕಪಾಟು ಸೇರಿಸದೆಯೇ 14.5 ಲಕ್ಷಕ್ಕೆ ಜಾಗ. ಬೆಂಗಳೂರಿನಲ್ಲಿ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಗ್ರಂಥಾಲಯ ಸೂತ್ರಗಳ ಕೊನೆಯದರಲ್ಲಿ ಗ್ರಂಥಾಲಯವನ್ನು ಬೆಳೆಯುವ ಜೀವಿ ಎಂದಿದ್ದರು. ಆ ಮಾತು ಇಲ್ಲಿ ನೆಲಕ್ಕಿಳಿದಿದೆ.

ಇದನ್ನು ನೋಡಿ ನಕಲು ಮಾಡುವವರಿಗೆ ಒಂದು ಲೆಕ್ಕ. 90 ಸೆಂ.ಮೀ. ಅಗಲದ ಕಪಾಟನ್ನು ಈ ಇಳಿಜಾರಿನುದ್ದಕ್ಕೆ ನಿಲ್ಲಿಸಿದರೆ ತುದಿಯಿಂದ ತುದಿಗೆ 3 ಸೆಂ.ಮೀ. ತಗ್ಗು. ತಿರುಪಿ ಎತ್ತರಿಸುವ ಕಾಲುಗಳಿಲ್ಲದಿದ್ದರೆ ಪುಸ್ತಕಗಳು ಒಂದೇ ಕಡೆ ವಾಲಿ, ಕಾಲಕ್ರಮೇಣ ಬೈಂಡಿಂಗ್ ಸಡಿಲವಾಗಬಹುದು. ಪುಸ್ತಕದ ಟ್ರಾಲಿಗೆ ಬ್ರೇಕ್ ಬೇಕೇಬೇಕು.

ಸಿಯಾಟಲ್ ಕಟ್ಟಡದ ಹೊರಗಿನ ವಜ್ರಾಕಾರದ ಉಕ್ಕಿನ ಜಾಲರಿ ಬರೀ ಅಲಂಕಾರವಲ್ಲ, ಭೂಕಂಪ ಮತ್ತು ಗಾಳಿಯ ಅಡ್ಡ ಒತ್ತಡಕ್ಕೆ ಎದೆ ಕೊಡುವುದು ಅದೇ. ಸುಮಾರು ಅರ್ಧದಷ್ಟು ಗಾಜುಗಳ ಪದರಗಳ ನಡುವೆ ಲೋಹದ ಬಲೆ ಇದೆ, ಬಿಸಿಲು ತಡೆಯಲು.

ಎಡವಿದ್ದು ಎಲ್ಲಿ? ದಾರಿ ತೋರಿಸುವುದರಲ್ಲಿ. ಒಳಗೆ ದಾರಿ ತಪ್ಪುತ್ತದೆಂಬುದು ಈ ಕಟ್ಟಡದ ಹಳೇ ದೂರು. ಒಂದು ಮಹಡಿಯ ಆಕಾರ ಇನ್ನೊಂದಕ್ಕಿಲ್ಲ, ಒಂದರ ಮೇಲೊಂದು ನೇರವಾಗಿ ಕೂತೂ ಇಲ್ಲ. ಹಳದಿ ಎಸ್ಕಲೇಟರ್ ಕೆಲವು ಮಹಡಿಗಳನ್ನು ಹಾರಿಯೇ ಹೋಗುತ್ತದೆ. ಫಲಕಗಳನ್ನು ಆಮೇಲೆ ಸೇರಿಸಬೇಕಾಯಿತು. ಮೆಟ್ಟಿಲು, ಲಿಫ್ಟ್‌ಗಳನ್ನು ಎಲ್ಲ ಮಹಡಿಯಲ್ಲೂ ಒಂದೇ ಜಾಗಕ್ಕೆ ತರುವುದು ನಕ್ಷೆಯ ಹಂತದಲ್ಲಿ ಪೆನ್ಸಿಲ್ ಗೆರೆಯಷ್ಟು ಅಗ್ಗ, ಕಾಂಕ್ರೀಟ್ ಬಿದ್ದ ಮೇಲೆ ಫಲಕವೇ ಗತಿ.