ಅಮೆರಿಕದಲ್ಲೂ ಕಳ್ಳವೋಟು ಇತ್ತಾ?

ಅಮೆರಿಕದ ಇತಿಹಾಸ ಓದುವ ಹುಚ್ಚು ನನಗಿದೆ ಎಂದು ಗೊತ್ತಿರುವವರೆಲ್ಲ ಕೇಳುವುದು ಇದನ್ನೇ: ‘ಅಲ್ಲೂ ಚುನಾವಣಾ ಅಕ್ರಮ ನಡೆದಿತ್ತಾ?’ ನಡೆದಿತ್ತು, ಅದೂ ರಾಜಾರೋಷವಾಗಿ. ಆದರೆ ಪುಂಡರು ಕದ್ದ ಮತಗಳಿಗಿಂತ ಕಾನೂನೇ ಕಿತ್ತುಕೊಂಡ ಮತಗಳು ಹೆಚ್ಚು ಎನ್ನುವುದು ನನ್ನ ಖಚಿತ ಅಭಿಪ್ರಾಯ.

19ನೇ ಶತಮಾನದ ಬಹುಕಾಲ ಅಲ್ಲಿ ಮತಪತ್ರ ಅಚ್ಚು ಹಾಕಿಸುತ್ತಿದ್ದುದು ಸರ್ಕಾರವಲ್ಲ, ಪಕ್ಷಗಳು. ಒಂದೊಂದು ಪಕ್ಷದ ಚೀಟಿಗೆ ಒಂದೊಂದು ಬಣ್ಣ, ಒಂದೊಂದು ಅಳತೆ. ಮತಗಟ್ಟೆಯ ಬಾಗಿಲಲ್ಲೇ ಅದನ್ನು ಹಂಚುತ್ತಿದ್ದರು. ಯಾರು ಯಾವ ಚೀಟಿ ಪೆಟ್ಟಿಗೆಗೆ ಹಾಕಿದರೆಂದು ದೂರ ನಿಂತವರಿಗೂ ಕಾಣುತ್ತಿತ್ತು. ದುಡ್ಡು ಕೊಟ್ಟವನಿಗೆ ಅಲ್ಲೇ ಖಾತ್ರಿ! 1888ರಲ್ಲಿ ಇಂಡಿಯಾನಾದಲ್ಲಿ ಒಂದು ಪತ್ರ ಬಯಲಾಯಿತು. ರಿಪಬ್ಲಿಕನ್ ಪಕ್ಷದ ಖಜಾಂಚಿ ಡಬ್ಲ್ಯು. ಡಬ್ಲ್ಯು. ಡಡ್ಲಿ ಹೆಸರಿನಲ್ಲಿದ್ದ ಅದರಲ್ಲಿದ್ದ ಸೂಚನೆ ಇಷ್ಟು: ಅತ್ತಿತ್ತ ವಾಲುವ ಮತದಾರರನ್ನು ಐದೈದು ಜನರ ಗುಂಪು ಮಾಡಿ, ಗುಂಪಿಗೊಬ್ಬ ನಂಬಿಗಸ್ತನ ಕೈಗೆ ಹಣ ಕೊಡಿ, ಒಬ್ಬನೂ ತಪ್ಪಿಸಿಕೊಳ್ಳದಂತೆ ಅವನೇ ನೋಡಿಕೊಳ್ಳಲಿ.

ಅದೇ ವರ್ಷ ಮ್ಯಾಸಚೂಸೆಟ್ಸ್ ಆಸ್ಟ್ರೇಲಿಯಾದ ಪದ್ಧತಿಗೆ ಒಪ್ಪಿತು. ಎಲ್ಲ ಅಭ್ಯರ್ಥಿಗಳ ಹೆಸರಿರುವ ಒಂದೇ ಸರ್ಕಾರಿ ಮತಪತ್ರ, ಗುರುತು ಹಾಕಲು ಮರೆ. ಕೆಲವೇ ವರ್ಷಗಳಲ್ಲಿ ಬಹುತೇಕ ರಾಜ್ಯಗಳು ಇದನ್ನು ಅನುಸರಿಸಿದವು. ದುಡ್ಡು ತಗೊಂಡವನು ಮಾತು ಉಳಿಸಿಕೊಂಡನೋ ಇಲ್ಲವೋ ತಿಳಿಯುವ ದಾರಿಯೇ ಮುಚ್ಚಿತು.

ಸರಿ, ಓದಲು ಬಾರದವನು ಏನು ಮಾಡಬೇಕು? ಪಕ್ಷದ ಚೀಟಿಯನ್ನು ಬಣ್ಣ ನೋಡಿಯೇ ಗುರುತಿಸಬಹುದಿತ್ತು; ಈಗ ಬರೀ ಹೆಸರುಗಳ ಸಾಲು. (ನಮ್ಮಲ್ಲಿ 1951–52ರ ಮೊದಲ ಚುನಾವಣೆಯಲ್ಲೇ ಚಿಹ್ನೆಗಳನ್ನು ಕೊಟ್ಟರಲ್ಲ, ಅದರ ಬೆಲೆ ಇಲ್ಲಿ ತಿಳಿಯುತ್ತದೆ.) ಗುಲಾಮರಿಗೆ ಅಕ್ಷರ ಕಲಿಸುವುದನ್ನೇ ಅಪರಾಧ ಮಾಡಿದ್ದ ದಕ್ಷಿಣದ ರಾಜ್ಯಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಮುಂದೆ ಅಕ್ಷರ ಪರೀಕ್ಷೆ, ಮತದಾನಕ್ಕೆ ತಲೆಗಂದಾಯ, ಎಲ್ಲವೂ ‘ಶುದ್ಧ ಚುನಾವಣೆ’ಯ ಹೆಸರಲ್ಲೇ ಬಂದವು. ಲೂಯಿಸಿಯಾನಾದ ಮತದಾರರ ಪಟ್ಟಿಯಲ್ಲಿ 1896ರಲ್ಲಿ 1,30,334 ಕಪ್ಪು ಜನರಿದ್ದರು. 1904ಕ್ಕೆ ಉಳಿದವರು 1,342. ಯಾವ ಪುಂಡನೂ ಇಷ್ಟು ಮತ ಕದಿಯಲಾರ. ಈ ಅಂಕಿ ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸರಿಪಡಿಸಲು 1965ರ ಮತದಾನ ಹಕ್ಕು ಕಾಯ್ದೆಯೇ ಬರಬೇಕಾಯಿತು. ತಾರತಮ್ಯದ ಚರಿತ್ರೆಯಿದ್ದ ರಾಜ್ಯಗಳು ಮತದಾನದ ನಿಯಮ ಬದಲಿಸುವ ಮುನ್ನ ಕೇಂದ್ರದ ಅನುಮತಿ ಪಡೆಯಬೇಕೆಂದು ಅದು ಕಟ್ಟುಮಾಡಿತು. 2013ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕಟ್ಟನ್ನು ಸಡಿಲಿಸಿತು. ಕೆಳ ನ್ಯಾಯಾಲಯವೊಂದು ಹಿಂದಿನ ವರ್ಷವಷ್ಟೇ ತಡೆದಿದ್ದ ಫೋಟೋ ಗುರುತಿನ ಚೀಟಿ ಕಾನೂನನ್ನು ಜಾರಿ ಮಾಡುವುದಾಗಿ ಟೆಕ್ಸಸ್ ಅದೇ ದಿನ ಘೋಷಿಸಿತು. ಆ ಕಾನೂನು ತರುವಾಗ ಕೊಟ್ಟ ಕಾರಣ, ಕಳ್ಳವೋಟು ತಡೆಯುವುದು.